ಶತ್ರು ನುಡಿದ ಸಾಕ್ಷಿ

ಜರ್ಮನರು ನಮ್ಮ ಕರಾವಳಿಗೆ ಹೊಸಬರಲ್ಲ. 1843ರಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್, 1894ರಲ್ಲಿ ಅಚ್ಚಾದ ನಿಘಂಟಿನ ಮೂಲಕ ಇಂದಿಗೂ ನಮ್ಮ ಕೈಗೆಟುಕುವ ಫರ್ಡಿನಾಂಡ್ ಕಿಟ್ಟೆಲ್, ನಮ್ಮ ಮಾಡುಗಳಿಗೆ ಕೆಂಪು ಹಂಚು ಹೊದಿಸಿದ ಬಾಸೆಲ್ ಮಿಶನ್ನಿನವರು, ಇವರೆಲ್ಲರ ಹೆಸರು ನಮಗೆ ನೆರೆಕರೆಯವರ ಹೆಸರಿನಷ್ಟೇ ಬಳಕೆಯದು. 1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಾಗ ಇಲ್ಲಿದ್ದ ಜರ್ಮನ್ ಮಿಶನರಿಗಳು ಕಾನೂನಿನ ದೃಷ್ಟಿಯಲ್ಲಿ ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟು ಕೊನೆಗೆ ದೇಶದಿಂದಾಚೆ ಕಳುಹಿಸಿದರು. ಮಿಶನ್ನಿನ ಕಾರ್ಖಾನೆಗಳು ಬೇರೆ ಕೈ ಸೇರಿದವು. ನಿನ್ನೆಯವರೆಗೆ ಮಕ್ಕಳಿಗೆ ಬಳಪ ಹಿಡಿಸಿದವನು ಇಂದು ಶತ್ರು. ಶತ್ರುವೆಂಬ ಹೆಸರು ಬಂದ ಮೇಲೆ ಅವನ ಮಾತಿಗೆ ಬೆಲೆಯುಂಟೇ? ಅವನು ಹೇಳಿದ್ದನ್ನು ಸಾಕ್ಷಿಯೆಂದು ಸ್ವೀಕರಿಸಬಹುದೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇಬ್ಬರು ವೈಮಾನಿಕರ ವಿಚಾರ ಹೇಳಬೇಕೆಂದಿದ್ದೇನೆ. ಒಬ್ಬ ಮೊದಲನೆಯ ಮಹಾಯುದ್ಧದ ಜರ್ಮನ್; ಇನ್ನೊಬ್ಬರು ನಮ್ಮ ಕೊಡಗಿನವರು.

ಓಸ್ವಾಲ್ಡ್ ಬೋಲ್ಕೆ ಹುಟ್ಟಿದ್ದು 1891ರ ಮೇ 19ರಂದು, ಹಾಲೆ ಪಟ್ಟಣದ ಬಳಿ. ಶಾಲೆಯ ಉಪಾಧ್ಯಾಯರ ಮಗ. ಬಾಲ್ಯದಲ್ಲಿ ಉಬ್ಬಸದ ತೊಂದರೆಯಿದ್ದ ಹುಡುಗ. ಸೈನ್ಯದ ತಂತಿ ವಿಭಾಗಕ್ಕೆ ಸೇರಿ, ಅಲ್ಲಿಂದ ವಿಮಾನದ ಕಡೆಗೆ ಹೊರಳಿ, 1914ರಲ್ಲಿ ಚಾಲಕನಾದ. ಆಗಿನ ವಿಮಾನವೆಂದರೆ ಬಿದಿರು ಬುಟ್ಟಿಗೆ ಬಟ್ಟೆ ಸುತ್ತಿದಂಥ ವಸ್ತು. ಯುದ್ಧದ ಆರಂಭದಲ್ಲಿ ಅದರ ಕೆಲಸ ಮೇಲಿನಿಂದ ಶತ್ರುಸೈನ್ಯವನ್ನು ನೋಡಿ ಬಂದು ವರದಿ ಕೊಡುವುದಷ್ಟೆ. ಎದುರಾದ ವಿಮಾನದ ಮೇಲೆ ಚಾಲಕರು ಪಿಸ್ತೂಲಿನಿಂದಲೋ ಕೋವಿಯಿಂದಲೋ ಗುಂಡು ಹಾರಿಸುತ್ತಿದ್ದುದೂ ಉಂಟು. ಅದು ಯುದ್ಧಕ್ಕಿಂತ ಹೆಚ್ಚಾಗಿ ಜಗಳದಂತಿತ್ತು. 1915ರ ಬೇಸಗೆಯಲ್ಲಿ ಫೋಕರ್ ಎಂಬವನ ಕಾರ್ಖಾನೆಯಿಂದ ಬಂದ ಒಂಟಿರೆಕ್ಕೆಯ ವಿಮಾನ ಈ ಸ್ಥಿತಿಯನ್ನು ಬದಲಿಸಿತು. ಮುಂದೆ ತಿರುಗುವ ಪಂಖದ ಅಲಗುಗಳ ನಡುವಿನಿಂದ, ಅಲಗಿಗೆ ತಾಗದಂತೆ, ಮೆಷಿನ್ ಗನ್ನಿನ ಗುಂಡು ಹೊರಡುವ ಹಾಗೆ ಅದರಲ್ಲಿ ಯಂತ್ರಯೋಜನೆ ಇತ್ತು. ಚಾಲಕ ತನ್ನ ವಿಮಾನವನ್ನೇ ಬಂದೂಕಿನಂತೆ ಗುರಿಯಿಟ್ಟರೆ ಸಾಕು. ಯುದ್ಧವಿಮಾನವೆಂಬುದು ಹುಟ್ಟಿದ್ದು ಆಗ.

ಆ ವಿಮಾನದಲ್ಲಿ ಮೊದಲು ಹೆಸರು ಮಾಡಿದವರು ಇಬ್ಬರು, ಮ್ಯಾಕ್ಸ್ ಇಮ್ಮೆಲ್ಮನ್ ಮತ್ತು ಬೋಲ್ಕೆ. 1916ರ ಜನವರಿ 12ರಂದು, ಎಂಟೆಂಟು ವಿಮಾನಗಳನ್ನು ಕೆಡವಿದ ಬಳಿಕ, ಇಬ್ಬರಿಗೂ ಒಂದೇ ದಿನ ಪ್ರಷ್ಯದ ಅತ್ಯುನ್ನತ ಪದಕ ದೊರೆಯಿತು. ಅದೇ ಜೂನಿನಲ್ಲಿ ಇಮ್ಮೆಲ್ಮನ್ ಮಡಿದ. ಉಳಿದ ಒಬ್ಬನನ್ನಾದರೂ ಉಳಿಸಿಕೊಳ್ಳಬೇಕೆಂದು ಬೋಲ್ಕೆಯನ್ನು ಕೆಲವು ಕಾಲ ರಣರಂಗದಿಂದ ದೂರವಿಟ್ಟರು. ವಿಮಾನಗಳನ್ನು ಕೆಡವಿದ ಲೆಕ್ಕಕ್ಕಿಂತ ನನಗೆ ಈ ಮನುಷ್ಯನಲ್ಲಿ ಕುತೂಹಲ ಹುಟ್ಟಿಸುವ ಸಂಗತಿಗಳು ಬೇರೆ ಇವೆ. 1915ರಲ್ಲಿ, ಜರ್ಮನರು ಆಕ್ರಮಿಸಿದ್ದ ಫ್ರಾನ್ಸಿನ ದುವೇ ಪಟ್ಟಣದಲ್ಲಿ, ಕಾಲುವೆಗೆ ಬಿದ್ದ ಒಬ್ಬ ಫ್ರೆಂಚ್ ಹುಡುಗನನ್ನು ಈತ ಉಟ್ಟ ಬಟ್ಟೆಯಲ್ಲೇ ನೀರಿಗೆ ಹಾರಿ ಮೇಲೆತ್ತಿದ. ಅದಕ್ಕಾಗಿ ಜೀವರಕ್ಷಣೆಯ ಪದಕವೂ ಬಂತು. ತಾನು ಕೆಡವಿದ ವಿಮಾನದ ಗಾಯಾಳುಗಳನ್ನು ಆಸ್ಪತ್ರೆಗೆ ಹೋಗಿ ಕಂಡು ಮಾತನಾಡಿಸುವ ವಾಡಿಕೆ ಅವನಿಗಿತ್ತು. ಇದನ್ನೆಲ್ಲ ಕೇಳಿ ಆ ಯುದ್ಧವೇ ಒಂದು ಸಭ್ಯ ಪಂದ್ಯವಾಗಿತ್ತೆಂದು ತಿಳಿಯಬಾರದು. ಆಕಾಶದಲ್ಲಿ ಈ ಶಿಷ್ಟಾಚಾರ ನಡೆಯುತ್ತಿದ್ದಾಗ ಕೆಳಗೆ ಸೋಮ್ ನದಿಯ ದಂಡೆಯ ಕಂದಕಗಳಲ್ಲಿ ಜನ ಲಕ್ಷಗಟ್ಟಲೆ ಸಾಯುತ್ತಿದ್ದರು. ಅವರಿಗೆ ಯಾರೂ ಹೂಮಾಲೆ ಕಳಿಸಲಿಲ್ಲ.

ಬೋಲ್ಕೆಯ ನಿಜವಾದ ಕೊಡುಗೆ ಎಂದರೆ ಅವನು 1916ರಲ್ಲಿ ಬರೆದಿಟ್ಟ ಕೆಲವೇ ಸೂತ್ರಗಳು. ಉಪಾಧ್ಯಾಯರ ಮಗ ಅಲ್ಲವೇ, ಪಾಠ ಹೇಳುವ ಗುಣ ರಕ್ತದಲ್ಲೇ ಇತ್ತೇನೋ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎರಗಬೇಕು. ತೀರ ಹತ್ತಿರ ಬಂದ ಮೇಲೆಯೇ ಗುಂಡು ಹಾರಿಸಬೇಕು. ಆರಂಭಿಸಿದ ದಾಳಿಯನ್ನು ಅರ್ಧಕ್ಕೆ ಬಿಡಬಾರದು. ಎದುರಾಳಿಯ ಮೇಲಿನ ಕಣ್ಣು ತೆಗೆಯಬಾರದು, ಅವನು ಸೋತಂತೆ ನಟಿಸಿದರೂ ನಂಬಬಾರದು. ಮೇಲಿನಿಂದ ಎರಗಿ ಬಂದವನಿಗೆ ಬೆನ್ನು ತೋರಿಸದೆ ತಿರುಗಿ ಅವನಿಗೇ ಮುಖ ಕೊಡಬೇಕು. ಶತ್ರುವಿನ ನೆಲದ ಮೇಲಿರುವಾಗ ಹಿಂದಿರುಗುವ ದಾರಿಯನ್ನು ಮರೆಯಲೇಬಾರದು. ಇವೆಲ್ಲ ಕೇಳಲು ಸರಳ. ಗರಡಿಯಲ್ಲಿ ಗುರು ಹೇಳುವ ಮಾತಿನಂತೆ, ಪ್ರಾಣ ಹೋಗುವ ಹೊತ್ತಿನಲ್ಲಿ ನೆನಪಿಗೆ ಬಂದರೆ ಮಾತ್ರ ಸಾರ್ಥಕ. ಈ ಸೂತ್ರಗಳನ್ನು ಮುಂದೆ ಎಲ್ಲ ದೇಶಗಳ ವಾಯುಸೇನೆಗಳೂ ಒಂದಲ್ಲ ಒಂದು ರೂಪದಲ್ಲಿ ಕಲಿಸಿದವು. ಬೋಲ್ಕೆಯೇ ಆರಿಸಿ ತಂದ ಶಿಷ್ಯ ಮಾನ್‌ಫ್ರೆಡ್ ಫಾನ್ ರಿಕ್ತ್‌ಹೋಫೆನ್ ಗುರುವಿಗಿಂತ ಎರಡು ಪಟ್ಟು ಪ್ರಸಿದ್ಧನಾದ. 1918ರ ಏಪ್ರಿಲ್ 21ರಂದು ಒಂದು ವಿಮಾನವನ್ನು ಬೆನ್ನಟ್ಟುತ್ತಾ ಶತ್ರುವಿನ ನೆಲದ ಮೇಲೆ ತೀರ ಕೆಳಗೆ ಹಾರಿ, ಹಿಂದಿರುಗುವ ದಾರಿಯ ಪಾಠವನ್ನು ಮರೆತು, ಅಲ್ಲಿಯೇ ಸತ್ತ. ಅವನನ್ನು ಸೈನಿಕ ಗೌರವದೊಡನೆ ಹೂಳಿದವರು ಎದುರುಪಕ್ಷದ ಆಸ್ಟ್ರೇಲಿಯನ್ನರು.

ಗುರುವಿನ ಸಾವು ಅದಕ್ಕೂ ಮೊದಲಿನದು. 1916ರ ಅಕ್ಟೋಬರ್ 28ರಂದು ಶತ್ರುವಿಮಾನವನ್ನು ಬೆನ್ನಟ್ಟುವ ಭರದಲ್ಲಿ ಬೋಲ್ಕೆಯ ರೆಕ್ಕೆಗೆ ಅವನ ಸ್ವಂತ ಸಂಗಡಿಗ, ಆಪ್ತಮಿತ್ರ ಎರ್ವಿನ್ ಬೋಮೆಯ ವಿಮಾನದ ಗಾಲಿ ತಾಗಿತು. ನಲವತ್ತು ವಿಮಾನಗಳನ್ನು ಕೆಡವಿದವನು ಒಂದು ಗುಂಡೂ ತಾಗದೆ ನೆಲಕ್ಕೆ ಬಿದ್ದ. ವಯಸ್ಸು ಇಪ್ಪತ್ತೈದು. ಕೆಲವು ದಿನಗಳಲ್ಲಿ ಒಂದು ಇಂಗ್ಲಿಷ್ ವಿಮಾನ ಬಂದು, ವೀರನಾದ ಸಭ್ಯ ಎದುರಾಳಿಯ ಸ್ಮರಣೆಗೆ ಎಂಬ ಅರ್ಥದ ಬರಹವಿದ್ದ ಹೂಮಾಲೆಯೊಂದನ್ನು ಜರ್ಮನ್ ನೆಲದೊಳಗೆ ಇಳಿಯಬಿಟ್ಟು ಹೋಯಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆ ನಲವತ್ತು ಎಂಬ ಲೆಕ್ಕ ಎಲ್ಲಿಂದ ಬಂತು? ಜರ್ಮನರು ಈ ವಿಷಯದಲ್ಲಿ ಬಲು ಕಟ್ಟುನಿಟ್ಟಿನವರು. ಚಾಲಕ ತಾನೇ ಬಂದು ಹೇಳಿದರೆ ಸಾಲದು. ನೆಲದ ಮೇಲಿನವರೋ ಸಂಗಡ ಹಾರಿದವರೋ ಕಂಡಿರಬೇಕು, ಇಲ್ಲವೇ ಮುರಿದ ವಿಮಾನ ಸಿಕ್ಕಬೇಕು. ಅಂದಿನ ಕಾಳಗಗಳು ಬಹುಮಟ್ಟಿಗೆ ಜರ್ಮನರ ಹಿಡಿತದಲ್ಲಿದ್ದ ನೆಲದ ಮೇಲೆಯೇ ನಡೆಯುತ್ತಿದ್ದುದರಿಂದ ಸಾಕ್ಷಿಗೆ ಬರವಿರಲಿಲ್ಲ. ಆಕಾಶದ ಶೌರ್ಯದ ವಿಚಿತ್ರವೇ ಇದು. ನೆಲದ ಮೇಲೆ ಹೋರಾಡಿದವನ ಗುರುತು ನೆಲದಲ್ಲಿ ಉಳಿಯುತ್ತದೆ. ಗಾಳಿಯಲ್ಲಿ ನಡೆದದ್ದು ಗಾಳಿಯಲ್ಲೇ ಅಳಿಯುತ್ತದೆ. ಕಂಡವನಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾದರೆ ಕಂಡವನು ಎದುರಾಳಿಯೊಬ್ಬನೇ ಆಗಿದ್ದರೆ?

ಇದಕ್ಕೆ ಉತ್ತರವಾಗಿ ನಮ್ಮ ನೆರೆಯ ಕೊಡಗಿನ ಕಥೆಯೊಂದು ನಿಂತಿದೆ. ಬೆಳ್ತಂಗಡಿಯಿಂದ ಹೊರಟು ಉಪ್ಪಿನಂಗಡಿ, ಪುತ್ತೂರು, ಸುಳ್ಯ ದಾಟಿ ಸಂಪಾಜೆಯ ಘಾಟಿ ಹತ್ತಿದರೆ ಮಡಿಕೇರಿ. ಆ ನಾಡಿನ ಅಜ್ಜಮಾಡ ಒಕ್ಕದ ಬೋಪಯ್ಯನವರ ಮಗ ದೇವಯ್ಯ. ಒಕ್ಕದ ಹೆಸರು, ತಂದೆಯ ಹೆಸರು, ಆಮೇಲೆ ತನ್ನದು, ಇದು ಕೊಡವರ ಕ್ರಮ. 1932ರ ಡಿಸೆಂಬರ್ 24ರಂದು ಹುಟ್ಟಿದ ದೇವಯ್ಯನವರು 1954ರಲ್ಲಿ ಭಾರತೀಯ ವಾಯುಸೇನೆಯ ಅಧಿಕಾರಿಯಾದರು. ನಮ್ಮ ವಾಯುಸೇನೆ ಪಂಖದ ವಿಮಾನಗಳನ್ನು ಬಿಟ್ಟು ಜೆಟ್ ವಿಮಾನಗಳಿಗೆ ಹೊಂದಿಕೊಳ್ಳುತ್ತಿದ್ದ ಕಾಲ ಅದು. ಆ ಮೊದಲ ತಲೆಮಾರಿನ ಜೆಟ್ ಚಾಲಕರಲ್ಲಿ ಅವರೊಬ್ಬರು. ಒಳ್ಳೆಯ ಶಿಕ್ಷಕರೆಂದೂ ಹೆಸರಾಗಿದ್ದರು; ತರುಣರಿಗೆ ಹಾರಾಟ ಕಲಿಸುವ ಕೆಲಸದಲ್ಲಿದ್ದರು. ಬೋಲ್ಕೆಯಂತೆ ಇವರೂ ಮೇಷ್ಟ್ರೇ. 1965ರಲ್ಲಿ ಯುದ್ಧ ಬಂದಾಗ ‘ಹುಲಿಗಳು’ ಎಂದು ಹೆಸರುಳ್ಳ ಒಂದನೆಯ ಸ್ಕ್ವಾಡ್ರನ್ನಿಗೆ ಬಂದರು. ಪತ್ನಿ, ಇಬ್ಬರು ಹೆಣ್ಣುಮಕ್ಕಳು, ವಯಸ್ಸು ಮೂವತ್ತೆರಡು.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟೆಯ ಮೇಲೆ ಎರಗಿ ನೆಲದಲ್ಲಿ ನಿಂತಿದ್ದ ನಮ್ಮ ಹಲವು ವಿಮಾನಗಳನ್ನು ಸುಟ್ಟುಹಾಕಿದವು. ಮರುದಿನ ನಸುಕಿನಲ್ಲಿ ಪಾಕಿಸ್ತಾನದ ಮುಖ್ಯ ವಾಯುನೆಲೆಯಾದ ಸರ್ಗೋಧದ ಮೇಲೆ ನಮ್ಮ ದಾಳಿ ಎಂದು ನಿಶ್ಚಯವಾಯಿತು. ಆದಂಪುರದಿಂದ ಸರ್ಗೋಧಕ್ಕೆ ಸುಮಾರು 300 ಕಿಲೋಮೀಟರು. ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನೇತೃತ್ವದಲ್ಲಿ ಹೊರಡಬೇಕಾದವು ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್ ವಿಮಾನಗಳು. ಆ ವಿಮಾನಕ್ಕೆ ಇದು ತಲುಪಿ ಮರಳುವ ಇಂಧನದ ಕೊನೆಯ ಅಳತೆ. ದಾರಿಯಲ್ಲಿ ಕಾಳಗಕ್ಕೆ ನಿಂತರೆ ಮನೆಗೆ ಬರುವ ಎಣ್ಣೆ ಉಳಿಯದು. ದೇವಯ್ಯನವರದು ಮೀಸಲು ಸ್ಥಾನ. ಹೊರಡುವವರಲ್ಲಿ ಯಾರಾದರೂ ತಪ್ಪಿದರೆ ಮಾತ್ರ ಹೊರಡಬೇಕು. ಒಂದು ವಿಮಾನ ಹೊರಡಲಾಗಲಿಲ್ಲ. ದೇವಯ್ಯ ಹೊರಟರು.

ರಾಡಾರಿನ ಕಣ್ಣು ತಪ್ಪಿಸಲು ಪಂಜಾಬಿನ ಹೊಲಗಳ ಮೇಲೆ ತೀರ ಕೆಳಗೆ ಹಾರಿಕೊಂಡು ಹೋಗಬೇಕು. ಲಾಯಿಲದಲ್ಲಿ ನಿಂತು ಅದರ ಕಲ್ಪನೆ ಮಾಡಿಕೊಳ್ಳುವುದಾದರೆ, ಆ ಎತ್ತರದಲ್ಲಿ ವಿಮಾನಗಳು ನಮ್ಮ ಸೀಮೆಯನ್ನು ಹಾದುಹೋದರೆ ಗಡಾಯಿಕಲ್ಲಿನ ಅರ್ಧ ಏರಿದವನು ಅವುಗಳ ಬೆನ್ನನ್ನು ಮೇಲಿನಿಂದ ನೋಡುತ್ತಾನೆ. ಕತ್ತಲೆ ಕರಗುವ ಹೊತ್ತು, ಗಂಟೆಗೆ ಒಂಬೈನೂರು ಕಿಲೋಮೀಟರಿನಷ್ಟು ವೇಗ, ಕೆಳಗೆ ಮರದ ತುದಿ.

ದಾಳಿಯ ಬಳಿಕ ಮರಳುವ ಹಾದಿಯಲ್ಲಿ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಇವರನ್ನು ಹಿಡಿಯಿತು. ಅದನ್ನು ನಡೆಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಖಾನ್. ಎರಡು ವಿಮಾನಗಳ ಅಂತರವನ್ನು ಹೇಳಬೇಕು. ಅಮೆರಿಕ ಕೊಟ್ಟ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಶಾಖವನ್ನು ಅರಸಿಕೊಂಡು ಹೋಗುವ ಕ್ಷಿಪಣಿ ಅದರಲ್ಲಿತ್ತು, ಆರು ನಳಿಗೆಯ ಫಿರಂಗಿಯಿತ್ತು. ಪಾಕಿಸ್ತಾನದ ಬಳಿ ಇದ್ದುದು ಹನ್ನೆರಡರಷ್ಟು ಮಾತ್ರ. ಅದು ಅವರ ಹೆಮ್ಮೆಯ ವಿಮಾನ. ಮಿಸ್ಟೇರ್ ಸಮತಟ್ಟಾದ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ಅದರಲ್ಲಿ ಕ್ಷಿಪಣಿಯಿಲ್ಲ, ಇದ್ದದ್ದು ಎರಡು ಫಿರಂಗಿ. ಓಡಿದರೆ ಉಳಿಯುವ ಮಾತೇ ಇಲ್ಲ. ಆದರೆ ಸ್ಟಾರ್‌ಫೈಟರಿನ ರೆಕ್ಕೆ ಬಲು ಚಿಕ್ಕದು. ನೇರ ಓಟದಲ್ಲಿ ಬಾಣ, ತಿರುವಿನಲ್ಲಿ ಮೊಂಡು. ಅದನ್ನು ತಿರುಗುವ ಕಾಳಗಕ್ಕೆ ಎಳೆದರೆ ಮಾತ್ರ ಬಡವನಿಗೂ ಒಂದು ಅವಕಾಶ.

ಅಮ್ಜದ್ ಮೊದಲು ಹಾರಿಸಿದ ಕ್ಷಿಪಣಿ ಗುರಿತಪ್ಪಿತು. ಆಮೇಲೆ ಫಿರಂಗಿಯಿಂದ ಹೊಡೆದಾಗ ದೇವಯ್ಯನವರ ವಿಮಾನಕ್ಕೆ ಬಲವಾದ ಪೆಟ್ಟು ಬಿತ್ತು. ಈ ಮಿಸ್ಟೇರ್ ಮುಗಿಯಿತೆಂದು ತಿಳಿದು ಅಮ್ಜದ್ ಇನ್ನೊಂದರ ಕಡೆಗೆ ತಿರುಗಿದರು. ಎದುರಾಳಿಯ ಮೇಲಿನ ಕಣ್ಣು ತೆಗೆಯಬಾರದು ಎಂಬ ಜರ್ಮನನ ಸೂತ್ರ ಇಲ್ಲಿ ನೆನಪಾಗುತ್ತದೆ. ಗಾಯಗೊಂಡ ವಿಮಾನವನ್ನು ದೇವಯ್ಯ ತಿರುಗಿಸಿದರು. ಓಡುವುದನ್ನು ಬಿಟ್ಟು ತನಗೆ ಹೊಡೆದವನಿಗೇ ಮುಖ ಕೊಟ್ಟು, ನೆಲಕ್ಕೆ ಸಮೀಪದ ಆ ಹೋರಾಟದಲ್ಲಿ ಸ್ಟಾರ್‌ಫೈಟರಿಗೆ ಗುಂಡು ತಾಗಿಸಿದರು. ಅದು ಹಿಡಿತಕ್ಕೆ ಸಿಕ್ಕದೆ ಹೋದಾಗ ಅಮ್ಜದ್ ಹೊರಕ್ಕೆ ಹಾರಿ ಬದುಕಿಕೊಂಡರು. ದೇವಯ್ಯನವರ ವಿಮಾನ ಆ ಬಯಲಿನಲ್ಲೇ ಬಿತ್ತು. ಹಿಂದಿರುಗುವ ದಾರಿಯ ಸೂತ್ರವನ್ನು ಅವರು ಬಲ್ಲವರೇ, ತರುಣರಿಗೆ ಕಲಿಸಿದವರು. ಆದರೆ ಆಗ ದಾರಿಯೇ ಉಳಿದಿರಲಿಲ್ಲ. ಉಳಿದಿದ್ದ ಒಂದು ಸೂತ್ರವನ್ನು ಅವರು ಪಾಲಿಸಿದರು.

ಇದಾವುದೂ ನಮಗೆ ತಿಳಿಯಲಿಲ್ಲ. ಆದಂಪುರಕ್ಕೆ ಮರಳಿದವರು ಆ ಕಾಳಗವನ್ನು ಕಂಡಿರಲಿಲ್ಲ. ಅವರು ಕಂಡದ್ದು ದೇವಯ್ಯ ಬಾರದಿದ್ದುದನ್ನು ಮಾತ್ರ. ಕಡತದಲ್ಲಿ ‘ಕಾಣೆಯಾದವರು’ ಎಂಬ ಪದ ಬಿತ್ತು. ವಿಮಾನ ಕೆಟ್ಟು ಬಿದ್ದಿರಬಹುದು, ಕೆಳಗಿನ ತೋಪಿನ ಗುಂಡು ತಾಗಿರಬಹುದು, ಸೆರೆ ಸಿಕ್ಕಿರಬಹುದು. ಯುದ್ಧಕಾಲದಲ್ಲಿ ಮನೆಯವರು ಸಾವಿಗಿಂತಲೂ ಹೆಚ್ಚು ಕಾಲ ಹೊರಬೇಕಾದದ್ದು ಈ ‘ಬಹುದು’ಗಳ ಭಾರವನ್ನು.

ಅದೇ ತಿಂಗಳ 22ರಂದು ಇನ್ನೊಬ್ಬ ಕೊಡಗಿನ ತರುಣ ಹಂಟರ್ ವಿಮಾನದೊಡನೆ ಪಾಕಿಸ್ತಾನದ ನೆಲದಲ್ಲಿ ಬಿದ್ದರು. ಅವರು ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ. ಅವರು ಸೆರೆಸಿಕ್ಕ ಸುದ್ದಿಯನ್ನು ಪಾಕಿಸ್ತಾನದ ರೇಡಿಯೋ ಬಿತ್ತರಿಸಿತು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸಮಾಡಿದ್ದ ಅಯೂಬ್ ಖಾನರು ಮಗನನ್ನು ಬಿಟ್ಟುಕೊಡುವ ಮಾತಾಡಿದಾಗ, ಸೆರೆಯಲ್ಲಿರುವವರೆಲ್ಲರೂ ತನಗೆ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಬೇಡವೆಂದು ತಂದೆ ನಿರಾಕರಿಸಿದ ಕಥೆ ಎಲ್ಲರಿಗೂ ಗೊತ್ತು. ಒಬ್ಬರ ಹೆಸರು ಶತ್ರುವಿನ ರೇಡಿಯೋದಿಂದ ಮನೆಗೆ ಬಂತು. ಇನ್ನೊಬ್ಬರ ವಿಷಯದಲ್ಲಿ ಅದೇ ರೇಡಿಯೋ ಏನೂ ನುಡಿಯಲಿಲ್ಲ. ತನ್ನ ಅತ್ಯುತ್ತಮ ವಿಮಾನವನ್ನು ಮುದುಕ ವಿಮಾನವೊಂದು ಕೆಡವಿತೆಂದು ಯುದ್ಧದ ನಡುವೆ ಯಾರು ಸಾರುತ್ತಾರೆ? 1971ರ ಡಿಸೆಂಬರಿನಲ್ಲಿ ಅಮೃತಸರದ ಬಳಿ ಸ್ಟಾರ್‌ಫೈಟರ್ ಉರುಳಿ ಇದೇ ಅಮ್ಜದ್ ಹುಸೇನ್ ನಮ್ಮವರ ಕೈಗೆ ಸೆರೆಸಿಕ್ಕರು. ಬೇಕಾಗಿದ್ದ ಸಾಕ್ಷಿ ನಮ್ಮ ದೇಶದಲ್ಲೇ ಇದ್ದು ಹಿಂದಿರುಗಿ ಹೋಯಿತು, ಕಥೆ ಮಾತ್ರ ಆಗಲೂ ಬೆಳಕಿಗೆ ಬರಲಿಲ್ಲ.

ನಮ್ಮ ಹಿರಿಯರು ವೀರನ ಲೆಕ್ಕವನ್ನು ಬಹು ಬೇಗ ಬರೆದಿಡುತ್ತಿದ್ದರು. ಊರಿಗೊಂದು ವೀರಗಲ್ಲು, ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಮನುಷ್ಯರ ಮಾತೇಕೆ, ಹತ್ತನೆಯ ಶತಮಾನದಲ್ಲಿ ಆತಕೂರಿನಲ್ಲಿ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೂ ಅದರ ಒಡೆಯ ಮಣಲೇರ ಕಲ್ಲು ನಿಲ್ಲಿಸಿದ. ನಮ್ಮ ತುಳುನಾಡಿನಲ್ಲಿ ಕಲ್ಲಿನ ಕೆಲಸವನ್ನು ಪಾಡ್ದನ ಮಾಡಿದೆ. ಎಣ್ಮೂರಿನ ಕಾಳಗದಲ್ಲಿ ಮೋಸದ ಬಾಣಕ್ಕೆ ಬಿದ್ದ ಕೋಟಿಯನ್ನೂ ಅಣ್ಣನ ಹಿಂದೆಯೇ ಪ್ರಾಣ ಬಿಟ್ಟ ಚೆನ್ನಯನನ್ನೂ ಗರಡಿಗರಡಿಯಲ್ಲಿ ಇಂದಿಗೂ ಹಾಡುತ್ತಾರೆ. ಕಂಡವರು ಹಾಡಿದರು, ಕೇಳಿದವರು ಮುಂದಕ್ಕೆ ಹಾಡಿದರು. ಆದರೆ ಕಂಡವರೆಲ್ಲ ಎದುರುಪಾಳೆಯದಲ್ಲೇ ಇದ್ದಾಗ ಹಾಡನ್ನು ಎತ್ತಿಕೊಡುವವರು ಯಾರು?

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಪತ್ರಕರ್ತ 1965ರ ವಾಯುಯುದ್ಧದ ಬಗೆಗೆ ಒಂದು ಪುಸ್ತಕವನ್ನು ಪ್ರಕಟಿಸಿದ. ಪಾಕಿಸ್ತಾನದ ವಾಯುಸೇನೆಯ ನೆರವಿನಿಂದ, ಅವರ ಶೌರ್ಯವನ್ನು ಎತ್ತಿಹೇಳಲು ಬರೆದ ಪುಸ್ತಕ. ಅದರೊಳಗೆ, ಸೆಪ್ಟೆಂಬರ್ 7ರ ಬೆಳಗ್ಗೆ ಒಂದು ಸ್ಟಾರ್‌ಫೈಟರ್ ಮಿಸ್ಟೇರ್ ಒಂದರೊಡನೆ ಹೋರಾಡಿ ಉರುಳಿದ ಸಂಗತಿ ಬಂದಿತ್ತು. ಆ ಮಿಸ್ಟೇರ್ ಯಾರದು? ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ತುಂಬ ಹಿಡಿಸುವುದು ಈ ಘಟ್ಟ. ಆ ಬೆಳಗಿನ ಮೊದಲ ದಾಳಿಯಿಂದ ಮರಳಿದವರಲ್ಲಿ ಯಾರೂ ಸ್ಟಾರ್‌ಫೈಟರನ್ನು ಕೆಡವಿದೆನೆಂದು ಹೇಳಿರಲಿಲ್ಲ. ಮರಳದೆ ಉಳಿದವರು ಒಬ್ಬರೇ. ಎರಡು ದೇಶಗಳ ಎರಡು ಅರ್ಧ ಕಡತಗಳನ್ನು ಒಂದರ ಪಕ್ಕ ಒಂದಿಟ್ಟಾಗ ಹರಿದ ಅಂಚುಗಳು ಕೂಡಿಬಂದವು. ಹೊಗಳಲು ಹೊರಟವನು ತನ್ನ ಪಕ್ಷದ ನಷ್ಟವನ್ನು ತಾನೇ ಹೇಳಿದರೆ, ಆ ಮಾತಿಗೆ ಮಿತ್ರನ ಸಾಕ್ಷಿಗಿಂತ ಹೆಚ್ಚಿನ ತೂಕವೆಂದು ನಾನು ಭಾವಿಸುತ್ತೇನೆ. ಸುಳ್ಳು ಹೇಳಿ ಅವನಿಗೆ ದಕ್ಕುವುದೇನೂ ಇರಲಿಲ್ಲ.

ಅಂದಿನ ದಾಳಿಯ ನಾಯಕ ತನೇಜಾ ಅವರು ತಮ್ಮ ಸಂಗಡಿಗನ ಪಕ್ಷ ಹಿಡಿದು ಸರಕಾರದ ಮುಂದೆ ವಿಷಯವನ್ನಿಟ್ಟರು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಬಳಿಕ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಿತವಾಯಿತು. ಪತ್ನಿ ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು. ತಡವಾಯಿತೆಂದು ಸರಕಾರವನ್ನು ಬಯ್ಯುವುದು ಸುಲಭ. ಸಾಕ್ಷಿಯಿಲ್ಲದೆ ಪದಕವಿಲ್ಲ ಎಂಬ ನಿಯಮವೇನೋ ಸರಿಯಾದದ್ದೇ. ಬೋಲ್ಕೆಯ ಕಾಲದಿಂದಲೂ ಹಾಗೆಯೇ. ಆದರೆ ಪುಸ್ತಕ ಬಂದದ್ದು 1979ರಲ್ಲಿ, ಪದಕ ಬಂದದ್ದು 1988ರಲ್ಲಿ. ನಡುವಿನ ಆ ಒಂಬತ್ತು ವರ್ಷಗಳಿಗೆ ನಿಯಮದ ಆಸರೆ ಸಿಕ್ಕುವುದಿಲ್ಲ.

ಈಗ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ, ಅಲ್ಲಿ 2020ರಲ್ಲಿ ಪ್ರತಿಮೆಯೂ ನಿಂತಿತು. 2025ರಲ್ಲಿ ಈ ಕಥೆಯ ನೆರಳಿನಲ್ಲಿ ಒಂದು ಹಿಂದಿ ಚಲನಚಿತ್ರವೂ ಬಂತು; ಅದರ ನಾಯಕನಿಗೆ ಮಾತ್ರ ದೇವಯ್ಯ ಎಂಬ ಹೆಸರನ್ನಿಡಲಿಲ್ಲ. ಪಾಕಿಸ್ತಾನದ ನಿವೃತ್ತ ವಾಯುಸೇನಾಧಿಕಾರಿ ಕೈಸರ್ ತುಫೈಲ್ ಈ ಕಾಳಗವನ್ನು ಕುರಿತು ಬರೆದಿದ್ದಾರೆ. ಉಳಿದ ವಿವರಗಳಲ್ಲಿ ಕೆಲವು ನಮಗೆ ದೊರೆತದ್ದು ಅಲ್ಲಿಂದಲೇ. ವಿಮಾನ ಬಿದ್ದ ಹೊಲದ ಹಳ್ಳಿಗರು, ಹೆಸರು ಊರು ಒಂದೂ ಅರಿಯದ ಆ ವೈಮಾನಿಕನ ದೇಹವನ್ನು ಎತ್ತಿ ಅಲ್ಲಿಯೇ ಸಮೀಪದಲ್ಲಿ ಮಣ್ಣುಮಾಡಿದರು.